ಹಡಗಿನ್ಯಾಗ ರೊಕ್ಕ ಕಾಣಂಗಿಲ್ಲ

ಹಡಗಿನ ಪ್ರವಾಸದಾಗ ಟಿಕೀಟಿನ ರೇಟಿಗಿಂತ, ಹತ್ತಿದ ಕೂಡ್ಲೇ ಕೈಗೆ ಕೊಡೋ ಕಾರ್ಡಿಗೆ ಹೆಚ್ಚು ಅಂಜಬೇಕು ಅಂತೀನಿ ನಾನು. ಸಿಂಗಾಪುರದಿಂದ ಹೊಂಟರೂ ರಾಯಲ್ ಕೆರಿಬಿಯನ್ ಹಡಗಿನ್ಯಾಗ ಲೆಕ್ಕ ಅಮೆರಿಕನ್ ಡಾಲರಿನಾಗ. ಕೋಲಾ, ವೈಫೈ, ಫೋಟೊ ಎಲ್ಲಾ ರೂಮಿನ ಖಾತೆಗೆ ಬೀಳ್ತಾವ. ದಿನಾ ತಲಿಗಿಷ್ಟು ಟಿಪ್ಸು ಬ್ಯಾರೆ, ಸಣ್ಣ ಹುಡುಗರನ್ನೂ ಬಿಡಂಗಿಲ್ಲ. ಕೈಯಾಗಿನ ನೋಟು ಹೋಗದಿದ್ರ ಮನಸ್ಸಿಗೆ ಚುರುಕ್ ಅನ್ನಂಗಿಲ್ಲ ನೋಡ್ರಿ.

ಆಮ್ಯಾಲ ನಮ್ಮ ಬ್ಯಾಂಕಿನ ಪಾಲು. ಮಾರ್ಕಪ್ ಶೇ 3.5 ಇದ್ರ, ಅದರ ಮ್ಯಾಲ ಶೇ 18 ಜಿಎಸ್‌ಟಿ ಸೇರಿ ಲಕ್ಷಕ್ಕ 4,130 ರೂಪಾಯಿ. ಮಾರ್ಕಪ್ ಕಡಿಮಿ ಇರೋ ಕಾರ್ಡ್ ಒಯ್ರಿ. ದಂಡಿಗಿಳಿದಾಗ ಅಂಗಡಿಯವ "ರೂಪಾಯಿನ್ಯಾಗ ಹಾಕ್ಲೇನು?" ಅಂದ್ರ ಬ್ಯಾಡ ಅನ್ರಿ, ಆ ದರದಾಗ ಅವರ ಲಾಭ ಕೂಡಿರ್ತದ. ಖಾತೆ ದಿನಾ ರಾತ್ರಿ ನೋಡ್ರಿ, ಇಳಿಯೋ ಮುಂಜಾನೆ ಅಲ್ಲ.

ಸಂತ್ಯಾಗ ಕೊತಂಬರಿ ಸೂಡಿಗೆ ಚೌಕಾಶಿ ಮಾಡೋ ನಾವು, ಸಮುದ್ರದ ಮ್ಯಾಲ ಯಾಕ ಸುಮ್ಮನಿರಬೇಕು?