ಬಂಡಿಹಬ್ಬಕ್ಕೆ ಬಂದವರು ಒಡ್ಡಿಗೂ ಬರಬೇಕು

ನಮ್ಮ ಸಂಘದ ಈ ವರ್ಷದ ಸ್ಮರಣ ಸಂಚಿಕೆಯನ್ನು ಉತ್ತರ ಕನ್ನಡದ ಕರಾವಳಿಯ ಸಣ್ಣ ಹಳ್ಳಿಗಳಿಗೆ ಮೀಸಲಿಡಬೇಕೆಂದು ಸಂಪಾದಕ ಮಂಡಳಿ ನಿಶ್ಚಯಿಸಿದಾಗ ಯಾರೂ ಕಾರಣ ಕೇಳಲಿಲ್ಲ. ಮುಂಬಯಿಗೂ ಆ ಸೀಮೆಗೂ ಇರುವ ನಂಟು ಅಷ್ಟು ಹಳೆಯದು. 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಆ ಜಿಲ್ಲೆ 1956ರ ರಾಜ್ಯ ಪುನರ್‌ವಿಂಗಡಣೆಯ ತನಕ ಈ ಊರಿನ ಆಡಳಿತದಲ್ಲೇ ಇತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತಿ ಇಲ್ಲಿಗೆ ಬರುತ್ತಿತ್ತು. ಹತ್ತಿಯ ಪೇಟೆಯಲ್ಲಿ ಆ ಜಾತಿಗೆ ಕುಮಟಾದ ಹೆಸರೇ ನಿಂತಿತು. ಹತ್ತಿಯ ಹಿಂದೆಯೇ ಮನುಷ್ಯರೂ ಬಂದರು. ಹಡಗಿನ ಕೆಲಸಕ್ಕೆ, ಹೋಟೆಲಿಗೆ, ಗಿರಣಿಗೆ, ಗುಮಾಸ್ತಿಕೆಗೆ, ಆಮೇಲೆ ಬ್ಯಾಂಕಿಗೆ ಮತ್ತು ಕಾಲೇಜಿಗೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ರಾತ್ರಿ ಇಲ್ಲಿ ಹತ್ತಿ ಬೆಳಗಿನ ಹೊತ್ತಿಗೆ ಊರು ಸೇರುವುದು ಸಾಧ್ಯವಾಯಿತು. ಗೋಕರ್ಣ ರೋಡ್, ಮಿರ್ಜಾನ, ಕುಮಟಾ ಎಂಬ ಸ್ಟೇಷನ್ನಿನ ಹಲಗೆಗಳು ನಮ್ಮ ಮಕ್ಕಳಿಗೂ ಗೊತ್ತು.

ಲೇಖನಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚು ಬಂದವು. ಅಜ್ಜಿ ಮನೆಯ ಜಗಲಿ, ಜೂನ್ ತಿಂಗಳ ಮಳೆ, ತೆಂಗಿನ ತೋಟದ ಆಚೆ ಕೇಳುವ ಸಮುದ್ರದ ಸದ್ದು, ಅಂಕೋಲೆಯ ಕರಿ ಇಶಾಡು ಮಾವಿನ ಹಣ್ಣು, ಅಳ್ವೆಕೋಡಿಯ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗಿಸಿದ ಸಿಹಿ ಈರುಳ್ಳಿ. ಎಲ್ಲವೂ ಪ್ರೀತಿಯಿಂದ ಬರೆದದ್ದು, ಎಲ್ಲವನ್ನೂ ಸಂತೋಷದಿಂದ ಅಚ್ಚು ಮಾಡಿದ್ದೇವೆ. ಆದರೆ ಕಟ್ಟು ಕಟ್ಟು ಕಾಗದ ಓದಿ ಮುಗಿಸಿದಾಗ ಒಂದು ವಿಷಯ ಅಲ್ಲಿ ಬಹುತೇಕ ಇಲ್ಲವೇ ಇಲ್ಲ ಅನ್ನಿಸಿತು. ನಾವು ನೆನೆಯುವ ಆ ಹಸಿರು, ಆ ನೀರು, ಆ ಬಯಲು ತಾವಾಗಿ ಉಳಿದವಲ್ಲ. ಅವನ್ನು ಪ್ರತಿ ವರ್ಷ ಯಾರೋ ಮಣ್ಣು ಹೊತ್ತು ಉಳಿಸಿದ್ದಾರೆ. ಸಂಪಾದಕೀಯದ ಜಾಗವನ್ನು ಆ ಮಣ್ಣಿನ ಕೆಲಸಕ್ಕೆ ಕೊಡುತ್ತೇನೆ.

ಅಘನಾಶಿನಿ ನದಿ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಗದೆ ಸಮುದ್ರದವರೆಗೆ ಹರಿಯುವ ನದಿ. ಘಟ್ಟ ಇಳಿದ ಮೇಲೆ ಅದಕ್ಕೆ ಅವಸರವಿಲ್ಲ. ದೀವಗಿ, ಮಿರ್ಜಾನ, ಕೋಡ್ಕಣಿ, ಹೆಗಡೆ, ಮಾಸೂರು, ಲುಕ್ಕೇರಿ, ಕಾಗಾಲ ಎಂದು ಊರೂರು ಹೊಕ್ಕು, ಐಗಳಕುರ್ವೆಯಂಥ ನಡುಗಡ್ಡೆಗಳನ್ನು ಸುತ್ತಿ, ತದಡಿಗೂ ಅಘನಾಶಿನಿ ಎಂಬ ಹಳ್ಳಿಗೂ ನಡುವಿನ ಅಳಿವೆಯಲ್ಲಿ ಕಡಲು ಸೇರುತ್ತದೆ. ಉಬ್ಬರದ ಹೊತ್ತಿಗೆ ಸಮುದ್ರವೇ ಹೊಳೆಯೊಳಗೆ ಮೈಲುಗಟ್ಟಲೆ ನಡೆದು ಬರುತ್ತದೆ, ಇಳಿತಕ್ಕೆ ಹಿಂದೆ ಸರಿಯುತ್ತದೆ. ಈ ಸಿಹಿ ಉಪ್ಪುಗಳ ನಡುವಿನ ತಗ್ಗು ಭೂಮಿಯೇ ಗಜನಿ. ಸಮುದ್ರಕ್ಕೂ ಸಲ್ಲಬೇಕು, ಗದ್ದೆಗೂ ಸಲ್ಲಬೇಕು ಎಂಬಂಥ ನೆಲ ಅದು.

ಅಲ್ಲಿ ಬೆಳೆಯುವ ಭತ್ತ ಕಗ್ಗ. ಆಳೆತ್ತರಕ್ಕೆ ಹತ್ತಿರ ಬೆಳೆಯುವ, ನೆರೆಯಲ್ಲಿ ಮುಳುಗಿದರೂ ಕೆಲವು ದಿನ ಜೀವ ಹಿಡಿದಿರುವ, ಉಪ್ಪು ತಡೆದುಕೊಳ್ಳುವ ತಳಿ. ಬೇಸಿಗೆಯಲ್ಲಿ ಗಜನಿಯ ನೀರು ಬಸಿದು ನೆಲ ಒಣಗಲು ಬಿಡುತ್ತಾರೆ. ಜೂನಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆಯುತ್ತವೆ. ಆ ತೊಳೆದ ನೀರನ್ನು ಇಳಿತದ ಹೊತ್ತು ನೋಡಿ, ಗಜನಿಯನ್ನು ಕಾಯುವ ಮಣ್ಣಿನ ಒಡ್ಡಿನ ತೂಬಿನಿಂದ ಹೊರಗೆ ಬಿಟ್ಟು, ಉಬ್ಬರ ಏರುವ ಮುಂಚೆ ಹಲಗೆ ಇಳಿಸಬೇಕು. ಹೊತ್ತು ತಪ್ಪಿದರೆ ಕಡಲು ಒಳಗೆ. ಉಪ್ಪು ಇಳಿಯಿತು ಅನ್ನಿಸಿದ ಮೇಲೆ ಮೊಳಕೆ ಒಡೆಸಿದ ಬೀಜವನ್ನು ಬಿತ್ತುತ್ತಾರೆ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಹೊಳೆ ಹೊತ್ತು ತಂದ ಮೆಕ್ಕಲು, ಹಿಂದಿನ ವರ್ಷದ ಕೊಳೆತ ಹುಲ್ಲು, ಹಕ್ಕಿಗಳ ಹಿಕ್ಕೆ ಇಷ್ಟೇ ಅದರ ಆಹಾರ. ಅಕ್ಟೋಬರ್ ಹೊತ್ತಿಗೆ ತೆನೆ ಬಲಿಯುತ್ತದೆ. ನೀರಿನಲ್ಲಿ ನಿಂತೇ ತೆನೆಯನ್ನಷ್ಟೇ ಕೊಯ್ಯುತ್ತಾರೆ. ಹುಲ್ಲು ಅಲ್ಲೇ ಉಳಿಯುತ್ತದೆ.

ಕೊಯ್ಲಾದ ಮೇಲೆ ಹಲಗೆ ಎತ್ತಿ ಸಮುದ್ರವನ್ನು ಒಳಗೆ ಕರೆಯುತ್ತಾರೆ. ಕೊಳೆಯುವ ಹುಲ್ಲಿನಲ್ಲಿ ಏಡಿ, ಸಿಗಡಿ, ಹಿನ್ನೀರಿನ ಮೀನು ಬೆಳೆಯುತ್ತವೆ. ಇಳಿತದ ನೀರು ತೂಬಿನಿಂದ ಹೊರಗೆ ಹೋಗುವಾಗ ಬಾಯಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಆ ಮೀನಿನ ಹಕ್ಕನ್ನು ಹರಾಜು ಹಾಕಿ ಬಂದ ಹಣದಿಂದ ಒಡ್ಡಿನ ದುರಸ್ತಿ, ತೂಬಿನ ಹಲಗೆ, ಕಾವಲಿನವನ ಕೂಲಿ ನಡೆಯುತ್ತಿತ್ತು. ಅಕ್ಕಿಯೂ ಮೀನೂ ಒಂದೇ ನೆಲದಿಂದ, ಒಂದು ಇನ್ನೊಂದಕ್ಕೆ ಆಸರೆಯಾಗಿ ಬರುವಂತೆ ಇದನ್ನು ಹೊಂದಿಸಿದವರು ಯಾವ ಕಾಲೇಜಿನಲ್ಲೂ ಕಲಿತವರಲ್ಲ. ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ಪಟಗಾರರು, ಅಂಬಿಗರು, ಹೊಳೆದಂಡೆಯ ಇನ್ನೂ ಎಷ್ಟೋ ಮಂದಿ ಸೇರಿ ತಲೆಮಾರುಗಳಲ್ಲಿ ಹದಗೊಳಿಸಿದ ಜಾಣ್ಮೆ ಅದು. ಇಷ್ಟು ದೊಡ್ಡ ಕೆಲಸವನ್ನು ನಮ್ಮ ಪಠ್ಯಪುಸ್ತಕಗಳು ನಮಗೆ ಕಲಿಸಲೇ ಇಲ್ಲ ಎಂಬ ಸಂಕಟ ನನಗಿದೆ.

ಗಜನಿಯಲ್ಲಿ ನನ್ನ ಗದ್ದೆ, ನಿನ್ನ ಗದ್ದೆ ಎಂದು ಬೇರೆ ಬೇರೆ ಬೇಸಾಯ ಮಾಡಲು ಬರುವುದಿಲ್ಲ. ನೂರಾರು ಎಕರೆಗೆ ಒಡ್ಡು ಒಂದೇ, ನೀರು ಒಂದೇ. ಒಬ್ಬನ ಪಾಲಿನ ಎದುರು ಏಡಿ ತೋಡಿದ ಸಣ್ಣ ಬಿಲ ಮುಚ್ಚದೆ ಉಳಿದರೆ ಸಾಕು, ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ಅದೇ ಬಾಯಿ ತೆರೆದು ಎಲ್ಲರ ಬೆಳೆಯೂ ಹೋಗುತ್ತದೆ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಊರಿಗೆ ಊರೇ ಒಡ್ಡಿನ ಮೇಲೆ ಇರುತ್ತಿತ್ತು. ಮನೆಗೊಂದು ಆಳು. ಜೇಡಿಮಣ್ಣು ಅಗೆಯುವವರು, ಹೊರುವವರು, ಮೆಟ್ಟುವವರು. ಒಡ್ಡಿನ ಹೊರಮೈಗೆ ಕಾಂಡ್ಲಾ ಗಿಡಗಳು ಬೇರು ಹೆಣೆದು ಅಲೆಯ ಹೊಡೆತ ತಡೆಯುತ್ತಿದ್ದವು. ಅವನ್ನು ಕಡಿಯಬಾರದೆಂಬ ಕಟ್ಟಳೆ ಕಾನೂನಿನದಲ್ಲ, ಊರಿನದು.

ಊರಿನ ಈ ಕಟ್ಟು ಸಡಿಲವಾದದ್ದು ಒಮ್ಮೆಲೇ ಅಲ್ಲ. ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಕಲ್ಲಿನ ಒಡ್ಡು ಕಟ್ಟಿಸಿತು. ಉದ್ದೇಶ ಒಳ್ಳೆಯದೇ, ಆದರೆ ಒಡ್ಡು ಇಲಾಖೆಯದಾದ ಮೇಲೆ ಮನೆಗೊಂದು ಆಳು ಬರುವುದು ನಿಂತಿತು. ಕಲ್ಲು ಜಾರಿದಾಗ ಅರ್ಜಿ ಬರೆದು ಕಾಯುವ ರೂಢಿ ಬಂತು. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನಿಗೆ ಭೂಮಿ ಕೊಟ್ಟಿತು. ಆ ನ್ಯಾಯಕ್ಕಾಗಿ ಜಿಲ್ಲೆ ದಶಕಗಳ ಕಾಲ ಹೋರಾಡಿತ್ತು; ಅದರ ಬಗ್ಗೆ ನನಗೆ ಹೆಮ್ಮೆಯೇ ಇದೆ. ಆದರೆ ಸಿಕ್ಕ ಪಾಲು ಮಕ್ಕಳಲ್ಲಿ, ಮೊಮ್ಮಕ್ಕಳಲ್ಲಿ ಹಂಚಿ ಹೋದಂತೆ ಪಹಣಿಯಲ್ಲಿ ಹೆಸರುಗಳು ಬೆಳೆದವು, ಒಡ್ಡಿನ ಮೇಲೆ ಕೈಗಳು ಕಡಿಮೆಯಾದವು. ಅಷ್ಟರಲ್ಲಿ ಸಿಗಡಿಗೆ ಹೊರದೇಶದ ಬೆಲೆ ಬಂತು. ಭತ್ತ ಬಿಟ್ಟು ವರ್ಷವಿಡೀ ಉಪ್ಪುನೀರು ನಿಲ್ಲಿಸುವವರಿಗೆ ಗಜನಿಯನ್ನು ಲಾವಣಿಗೆ ಕೊಟ್ಟರು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ಸಿಗಡಿ ಕೊಳಗಳನ್ನು ಬಡಿಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಕೃಷಿಗೆ ಕಡಿವಾಣ ಹಾಕಿತು. ಹಣ ಹಾಕಿದವರು ಹೊರಟುಹೋದರು. ಉಪ್ಪುಂಡ ನೆಲ, ಒಡೆದ ಒಡ್ಡು ಊರಿಗೆ ಉಳಿದವು. ಇಂದು ಎಷ್ಟೋ ಗಜನಿಗಳಲ್ಲಿ ಕಗ್ಗದ ಒಂದು ತೆನೆಯೂ ಇಲ್ಲ. ಮಾಣಿಕಟ್ಟಾದಂಥ ಕೆಲವು ಕಡೆ ಮಾತ್ರ ರೈತರು ಸಂಘ ಕಟ್ಟಿಕೊಂಡು ಬೀಜ ಕಾಪಾಡಿದ್ದಾರೆ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಪ್ರದೇಶ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿ ಸೇರಿತು. ಅಂಕಸಮುದ್ರ ಮತ್ತು ಮಾಗಡಿ ಕೆರೆಗಳಿಗೂ ಆಗಲೇ ಆ ಮಾನ ಸಿಕ್ಕಿತು. ಸುದ್ದಿ ಬಂದಾಗ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯ ಸುರಿಮಳೆ. ತದಡಿಯ ಬಳಿ 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಬರುತ್ತದೆಂದಾಗ ಎದ್ದು ನಿಂತು ಅದನ್ನು ತಡೆದ ಹಳ್ಳಿಗರಿಗೆ ಈ ಮನ್ನಣೆ ನಿಜವಾಗಿ ಸಲ್ಲಬೇಕು. ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ಬಗ್ಗಿ ಬಳಚು ಹೆಕ್ಕುವ ಹೆಂಗಸರಿಗೂ, ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ಮಳೆ ಬರುವ ತನಕ ಉಪ್ಪು ಎಳೆಯುವವರಿಗೂ ಸಲ್ಲಬೇಕು. ಅಳಿವೆ ಎಂದರೆ ಹಕ್ಕಿ ನೋಡುವ ಜಾಗ ಎಂದಷ್ಟೇ ಹೊರಗಿನವರಿಗೆ ತೋರುವುದುಂಟು. ಒಳಗಿನವರಿಗೆ ಅದು ದುಡಿಮೆಯ ಅಂಗಳ.

ಈಗ ನಮ್ಮ ಮಾತಿಗೆ ಬರುತ್ತೇನೆ. ಊರಿನಲ್ಲಿ ಗ್ರಾಮದೇವತೆಯ ಬಂಡಿಹಬ್ಬ ನಡೆಯುವುದೂ ಬೇಸಿಗೆಯ ಕೊನೆಗೇ. ನಮ್ಮಲ್ಲಿ ಅನೇಕರು ಬೇರೆ ಯಾವ ಹಬ್ಬ ತಪ್ಪಿಸಿದರೂ ಬಂಡಿಹಬ್ಬ ತಪ್ಪಿಸುವುದಿಲ್ಲ. ಮಕ್ಕಳಿಗೆ ರಜೆ, ರೈಲಿನ ಟಿಕೆಟು ತಿಂಗಳುಗಳ ಮುಂಚೆಯೇ ಕಾದಿರಿಸಿದ್ದು. ಕಳಸ ನೋಡುತ್ತೇವೆ, ಹಣ್ಣುಕಾಯಿ ಮಾಡಿಸುತ್ತೇವೆ, ಮಾವಿನ ಹಣ್ಣಿನ ಪೆಟ್ಟಿಗೆ ಕಟ್ಟಿಕೊಂಡು ಮರಳುತ್ತೇವೆ. ಅದೇ ವಾರಗಳಲ್ಲಿ ಒಡ್ಡಿನ ಸಭೆಯೂ ನಡೆಯುತ್ತದೆ. ಬಿತ್ತುವುದೋ ಬಿಡುವುದೋ, ಯಾರಿಗೆ ಲಾವಣಿ, ಎಷ್ಟು ಖರ್ಚು ಎಂದು ಅಲ್ಲಿ ತೀರ್ಮಾನವಾಗಬೇಕು. ಪಹಣಿಯಲ್ಲಿ ಹೆಸರಿರುವ ನಾವು ಅಲ್ಲಿ ಇರುವುದಿಲ್ಲ. ಹೊಳೆದಂಡೆಯ ಒಬ್ಬ ಹಿರಿಯರು ಈಚೆಗೆ ನನ್ನೊಡನೆ ಮಾತಾಡುತ್ತ, "ತಮಾ, ನಿಮ್ಮವ್ರ ಸಹಿ ಇಲ್ದೆ ಏನೂ ಆಗೂದಿಲ್ಲ, ಸಹಿ ಹಾಕೂಕೆ ನೀವು ಸಿಗೂದಿಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನಾಟುತ್ತಿರಲಿಲ್ಲವೇನೋ.

ಮುಂಬಯಿಯಲ್ಲಿದ್ದೂ ಊರಿನ ಕೆಲಸ ಮಾಡಬಹುದು ಎಂಬುದಕ್ಕೆ ನಮ್ಮಲ್ಲಿ ದೊಡ್ಡ ಉದಾಹರಣೆಯಿದೆ. ಅಂಕೋಲೆ ಕಡೆಯ ದಿನಕರ ದೇಸಾಯಿಯವರು ಈ ನಗರದಲ್ಲಿ ಭಾರತ ಸೇವಕ ಸಮಾಜದ ಸದಸ್ಯರಾಗಿ, ನಾವಿಕರ ಸಂಘಟನೆಯಲ್ಲಿ ದುಡಿದವರು. ಜಿಲ್ಲೆಯ ಗೇಣಿ ರೈತರ ಪರವಾಗಿ ನಿಂತದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಅಲ್ಲಿಂದ ಗಡಿಪಾರು ಮಾಡಿತ್ತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಶಾಲೆ ಒಯ್ದರು. ನಮ್ಮ ಸದಸ್ಯರಲ್ಲಿ ಆ ಶಾಲೆಗಳ ಬೆಂಚಿನಿಂದ ಎದ್ದು ಬಂದವರು ಎಷ್ಟೊಂದು ಮಂದಿ! ಚುಟುಕಗಳಿಗಾಗಿ ಅವರನ್ನು ನೆನೆಯುತ್ತೇವೆ, ಸರಿ. ದೂರದಲ್ಲಿದ್ದುಕೊಂಡು ಹೊಣೆ ಹೊರುವುದು ಹೇಗೆಂದು ತೋರಿದ್ದಕ್ಕೂ ನೆನೆಯಬೇಕು. ಹನೇಹಳ್ಳಿಯ ಯಶವಂತ ಚಿತ್ತಾಲರು ಬಾಂದ್ರಾದ ಸಮುದ್ರದ ಎದುರು ಕೂತು ತಮ್ಮ ಊರನ್ನು ಕತೆಯಿಂದ ಕತೆಗೆ ಕಟ್ಟಿದರು. ಅವರ ಹನೇಹಳ್ಳಿಯಲ್ಲಿ ಸುಂದರ ದೃಶ್ಯಕ್ಕಿಂತ ಮನುಷ್ಯರ ಸಾವು ನೋವು, ಜಗಳ, ಆಸೆಗಳೇ ಹೆಚ್ಚು. ಊರನ್ನು ಪ್ರೀತಿಸುವವನಿಗೆ ಅದರ ಕಷ್ಟ ಕಾಣಿಸಲೇಬೇಕು.

ಆ ಕಷ್ಟ ಈಚಿನ ವರ್ಷಗಳಲ್ಲಿ ಹೆಚ್ಚಾಗಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ಗಂಗಾವಳಿ ಹೊಳೆಗೆ ಬಿತ್ತು. ಅಲ್ಲಿ ಜೀವ ಹೋದದ್ದಲ್ಲದೆ, ನುಗ್ಗಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಕಾಡಿನ ಗಿಡಗಳನ್ನು ಮಕ್ಕಳಂತೆ ಸಾಕಿದ ಹೊನ್ನಳ್ಳಿಯ ತುಳಸಿ ಗೌಡರು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಹಾಲಕ್ಕಿ ಹಾಡುಗಳ ಕಣಜವಾಗಿದ್ದ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ಹೋದರು. ಇಬ್ಬರೂ ಪದ್ಮಶ್ರೀ ಪುರಸ್ಕೃತರು. ಈ ಸಂಚಿಕೆಯಲ್ಲಿ ಅವರಿಗೆ ನಮ್ಮ ನಮನವಿದೆ. ಅವರಿಗೆ ಗೊತ್ತಿದ್ದುದನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸದಲ್ಲಿ ನಮ್ಮಂಥ ಸಂಘಗಳು ಇನ್ನಷ್ಟು ಮಾಡಬಹುದಿತ್ತು.

ಆದ್ದರಿಂದ ಮಂಡಳಿಯ ಪರವಾಗಿ ಸದಸ್ಯರಲ್ಲಿ ಕೆಲವು ಮಾತು ನೇರವಾಗಿ ಕೇಳುತ್ತೇನೆ. ಗಜನಿಯಲ್ಲಿ ಪಾಲಿರುವವರು ಬರುವ ಬಂಡಿಹಬ್ಬಕ್ಕೆ ಹೋದಾಗ ಒಡ್ಡಿನ ಸಭೆಯ ದಿನ ವಿಚಾರಿಸಿ, ಅಲ್ಲಿ ಕೂತು ಬನ್ನಿ. ಹೋಗಲಾಗದವರು ಬಿತ್ತನೆಗೆ ಒಪ್ಪಿಗೆ ಬರೆದು ಊರಿನಲ್ಲಿರುವ ಅಣ್ಣ ತಮ್ಮಂದಿರ ಕೈಗೆ ಕೊಡಿ. ಭತ್ತ ಬೇಡ, ವರ್ಷವಿಡೀ ಉಪ್ಪುನೀರೇ ಇರಲಿ ಎಂಬ ಲಾವಣಿಗೆ, ಹಣ ಎಷ್ಟೇ ಬರಲಿ, ಸಹಿ ಹಾಕುವ ಮುಂಚೆ ಪಕ್ಕದ ಪಾಲಿನವರನ್ನು ಒಂದು ಮಾತು ಕೇಳಿ. ಒಡ್ಡಿಗೆ ಮಣ್ಣು ಹೊರಲು ನಮಗೀಗ ಆಗದಿರಬಹುದು. ಹೊರುವವರ ಕೂಲಿಯಲ್ಲಿ ನಮ್ಮ ಪಾಲು ಕೊಡಬಹುದು. ಕಗ್ಗದ ಕೆಂಪಕ್ಕಿಯನ್ನು ಬೆಳೆದವರಿಂದ ಅವರು ಕೇಳುವ ಬೆಲೆಗೆ ಕೊಳ್ಳಬಹುದು. ಆ ಅಕ್ಕಿಯ ಗಂಜಿ ಉಂಡು ದೊಡ್ಡವರಾದವರಿಗೆ ಅದರ ರುಚಿ ಹೇಳಿಕೊಡಬೇಕಿಲ್ಲ. ಮುಂದಿನ ಸುಗ್ಗಿಗೆ ಹಣ ಸೇರಿಸಿ ಒಟ್ಟಾಗಿ ತರಿಸುವ ವ್ಯವಸ್ಥೆಯನ್ನು ಸಂಘದ ಕಚೇರಿಯಲ್ಲೇ ಮಾಡೋಣವೆಂದು ಕಾರ್ಯಕಾರಿ ಸಮಿತಿಗೆ ಸೂಚಿಸಿದ್ದೇವೆ.

ಸಂಚಿಕೆಯ ಕೊನೆಯಲ್ಲಿ ಒಂದು ಅರ್ಜಿಯ ಹಾಳೆ ಸೇರಿಸಿದ್ದೇವೆ. ನಿಮ್ಮ ಊರು, ಗಜನಿಯ ಹೆಸರು, ಪಾಲಿನ ಅಂದಾಜು, ಅಲ್ಲಿ ಕೊನೆಯ ಬಾರಿ ಕಗ್ಗ ಬಿತ್ತಿದ ವರ್ಷ ನಿಮಗೆ ಅಥವಾ ಮನೆಯ ಹಿರಿಯರಿಗೆ ನೆನಪಿದ್ದಂತೆ ಬರೆದು, ಯುಗಾದಿಯ ಒಳಗೆ ಕಚೇರಿಗೆ ತಲುಪಿಸಿ. ಒಂದೊಂದು ಗಜನಿಯ ಪಾಲುದಾರರ ಹೆಸರು ಸೇರಿಸಿ, ಬಂಡಿಹಬ್ಬಕ್ಕೆ ಹೊರಡುವ ಮುಂಚೆ ಎಲ್ಲರ ಕೈಗೂ ಮುಟ್ಟಿಸುತ್ತೇವೆ.