ಇದು ಯಾವ ಗಿಡದ್ದು?

ಕೊಳೆತ ಮರದ ಕ್ಲೋಸ್‌ಅಪ್ ಫೋಟೋಗಳನ್ನು ನೀವೂ ನೋಡಿರ್ತೀರಿ. ಕಾಡಲ್ಲಿ ಬಿದ್ದ ದಿಮ್ಮಿಯ ಹತ್ರ ಹೋಗಿ, ಅಂಗೈಯಷ್ಟು ಜಾಗವನ್ನು ಮಾತ್ರ ಫ್ರೇಮ್‌ನಲ್ಲಿ ಇಟ್ಟು ತೆಗೆದದ್ದು. ನೋಡಿದ ತಕ್ಷಣ ಮರ ಅಂತ ಅನ್ನಿಸಲ್ಲ. ಬತ್ತಿದ ಕೆರೆಯ ನೆಲ, ವಿಮಾನದಿಂದ ಕಂಡ ಹೊಲಗಳು, ಮುದುಕರ ಕೈ ಚರ್ಮ, ಏನು ಬೇಕಾದರೂ ಆಗಬಹುದು. ನಂಗೆ ಈ ಫೋಟೋಗಳು ತುಂಬಾ ಇಷ್ಟ. ದುಬಾರಿ ಲೆನ್ಸ್ ಬೇಡ, ಸಫಾರಿ ಬೇಡ, ಹುಲಿ ಬರಲಿ ಅಂತ ಕಾಯೋದೂ ಬೇಡ. ಬೆಳಗಿನ ಓರೆ ಬಿಸಿಲು, ಮ್ಯಾಕ್ರೋ ಮೋಡ್ ಇರೋ ಮೊಬೈಲ್ ಇದ್ರೆ ಸಾಕು. ನನ್ನ ತಕರಾರು ಫೋಟೋ ಬಗ್ಗೆ ಅಲ್ಲ, ಕೆಳಗೆ ಬರೆಯೋ ಹೆಸರಿನ ಬಗ್ಗೆ. ‘ಮೌನ’, ‘ಅನಂತ’, ‘ಕಾಲದ ಗೆರೆಗಳು’. ಮರ ಯಾವುದು, ಊರು ಯಾವುದು, ಯಾವಾಗ ತೆಗೆದದ್ದು, ಒಂದೂ ಇರಲ್ಲ.

ರಜೆಗೆ ಕರ್ಜಗಿಗೆ ಹೋದಾಗ ವರದಾ ನದಿ ದಂಡೆಯಲ್ಲಿ ಬಿದ್ದಿದ್ದ ಒಂದು ಬೊಡ್ಡೆಯ ಇಂಥದ್ದೇ ಫೋಟೋ ತೆಗೆದು ಅಜ್ಜಿಗೆ ತೋರಿಸಿದೆ. ಆಕೆ ಕನ್ನಡಕ ಹಾಕ್ಕೊಂಡು ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಇದು ಯಾವ ಗಿಡದ್ದೋ ತಮ್ಮಾ? ಜಾಲಿದ ಏನು?” ನಮ್ಮ ಕಡೆ ದೊಡ್ಡ ಮರಕ್ಕೂ ಗಿಡ ಅಂತಾನೇ ಅನ್ನೋದು. ಅದು ಜಾಲಿಯೇ ಆಗಿತ್ತು. ಜೀವನಪೂರ್ತಿ ಒಲೆಗೆ ಕಟ್ಟಿಗೆ ಹಾಕಿದವರಿಗೆ ಎಳೆ ನೋಡಿದ್ರೆ ಗೊತ್ತಾಗತ್ತೆ. ಎಕ್ಸಿಬಿಷನ್‌ಗಳಲ್ಲಿ ಈ ಪ್ರಶ್ನೆಯನ್ನು ಯಾರಾದ್ರೂ ಕೇಳಿದ್ದನ್ನು ನಾನು ನೋಡಿಲ್ಲ.

ಆ ಗೆರೆಗಳು ಸುಮ್ನೆ ಬಂದ ಡಿಸೈನ್ ಅಲ್ಲ. ಮರ ಗಟ್ಟಿಯಾಗಿರೋದು ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಲಿಗ್ನಿನ್‌ನಿಂದ. ಕೆಲವು ಶಿಲೀಂಧ್ರಗಳು ಸೆಲ್ಯುಲೋಸ್ ತಿಂದು ಲಿಗ್ನಿನ್ ಬಿಡ್ತವೆ. ಆಗ ಮರ ಕಂದು ಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಬಿರಿಯತ್ತೆ. ಇನ್ನು ಕೆಲವು ಲಿಗ್ನಿನ್ನನ್ನೂ ಕರಗಿಸ್ತವೆ. ಆಗ ಮರ ಬೆಳ್ಳಗಾಗಿ ನಾರುನಾರಾಗತ್ತೆ. ಕೆಲವು ದಿಮ್ಮಿಗಳಲ್ಲಿ ಪೆನ್ನಿಂದ ಎಳೆದಂಥ ಕಪ್ಪು ಗೆರೆ ಇರತ್ತಲ್ಲ, ಅದು ಎಷ್ಟೋ ಸಲ ಎರಡು ಶಿಲೀಂಧ್ರಗಳು ಎದುರಾದಾಗ ಕಟ್ಟಿಕೊಂಡ ಗಡಿ. ನಮ್ಮಂಥ ಒಣ ಸೀಮೆಯಲ್ಲಿ ಇದರ ಜೊತೆ ಗೆದ್ದಲಿನ ಕೆಲಸವೂ ಸೇರತ್ತೆ. ಒಳಗೆ ಇಷ್ಟೆಲ್ಲ ಗದ್ದಲ ನಡೀತಿರೋವಾಗ ನಾವು ‘ಮೌನ’ ಅಂತ ಹೆಸರಿಡ್ತೀವಿ!

ಊರಿನ ಹೆಸರು ಯಾಕೆ ಬೇಕು ಅಂತೀರಾ? ನಮ್ಮ ಜಿಲ್ಲೆಯದ್ದೇ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ತಗೊಳ್ಳಿ. 1974ರಲ್ಲಿ ಘೋಷಣೆಯಾದದ್ದು, ಸುಮಾರು 119 ಚದರ ಕಿಲೋಮೀಟರ್. ಕೃಷ್ಣಮೃಗ ಬಯಲಿನ ಪ್ರಾಣಿ, ಹುಲ್ಲಿನಲ್ಲಿ ಓಡೋದು. ಎರೆಭೂತ ಹಕ್ಕಿಗೂ ಒಂದು ಕಾಲದಲ್ಲಿ ಈ ಜಾಗ ಹೆಸರಾಗಿತ್ತು. ಆದರೆ ಅಲ್ಲಿ ಬೇಕಾದಷ್ಟು ನೀಲಗಿರಿ ಪ್ಲಾಂಟೇಶನ್ ಇದೆ. ನೀಲಗಿರಿ ಆಸ್ಟ್ರೇಲಿಯಾ ಕಡೆಯ ಮರ, ತಾನಾಗಿ ಬಂದದ್ದಲ್ಲ, ನೆಟ್ಟದ್ದು. ಅಲ್ಲಿನ ಒಂದು ಕೊಳೆತ ಬೊಡ್ಡೆಯ ಫೋಟೋಗೆ ‘ಅನಂತ’ ಅಂತ ಬರೆದರೆ ನೋಡುವವರು “ಸೂಪರ್” ಅಂದು ಮುಂದೆ ಹೋಗ್ತಾರೆ. ‘ನೀಲಗಿರಿ ಬೊಡ್ಡೆ, ಕೃಷ್ಣಮೃಗ ಅಭಯಾರಣ್ಯ, ರಾಣೆಬೆನ್ನೂರು’ ಅಂತ ಬರೆದು ನೋಡಿ. ಒಬ್ಬರಾದ್ರೂ ನಿಂತು, ಹುಲ್ಲುಗಾವಲಿನ ಪ್ರಾಣಿಯ ಮನೇಲಿ ಈ ಮರ ಯಾಕಿದೆ ಅಂತ ಕೇಳೇ ಕೇಳ್ತಾರೆ. ಫೋಟೋ ಅದೇ. ಒಂದು ಸಾಲು ಸೇರಿದ್ದಕ್ಕೆ ಅದು ನಮ್ಮ ಜಿಲ್ಲೆಯ ಚರಿತ್ರೆ ಆಯ್ತು.

ಹೆಸರು ಹೇಳಿಬಿಟ್ರೆ ಅಬ್‌ಸ್ಟ್ರಾಕ್ಟ್ ಎಲ್ಲಿ ಉಳಿಯತ್ತೆ, ನೋಡುವವರ ಕಲ್ಪನೆ ಹಾಳಾಗಲ್ವಾ ಅಂತ ಗೆಳೆಯರು ಕೇಳ್ತಾರೆ. ಸರಿಯಾದ ಪ್ರಶ್ನೆಯೇ. ಆದರೆ ಈ ದಾರಿ ಹಾಕಿಕೊಟ್ಟ ದೊಡ್ಡವರನ್ನೇ ನೋಡಿ. ಅಮೆರಿಕದ ಎಡ್ವರ್ಡ್ ವೆಸ್ಟನ್ 1929ರಲ್ಲಿ ತೆಗೆದ ಒಂದು ಬೇರಿನ ಫೋಟೋ ಬೆಂಕಿಯ ಜ್ವಾಲೆಯ ಹಾಗೆ ಕಾಣತ್ತೆ. ಅದರ ಹೆಸರು ಮಾತ್ರ ‘ಸೈಪ್ರೆಸ್ ಬೇರು, ಸೆವೆಂಟೀನ್ ಮೈಲ್ ಡ್ರೈವ್’. ಬಣ್ಣ ಕಿತ್ತುಬಂದ ಗೋಡೆಗಳನ್ನು ತೆಗೀತಿದ್ದ ಆರನ್ ಸಿಸ್ಕಿಂಡ್ 1949ರ ಒಂದು ಪ್ರಸಿದ್ಧ ಫೋಟೋಗೆ ಇಟ್ಟಿದ್ದು ‘ಜೆರೋಮ್, ಅರಿಝೋನಾ’ ಅಂತ, ಬರೀ ಊರಿನ ಹೆಸರು. ಆ ಫೋಟೋಗಳ ಸೊಗಸು ಇದರಿಂದ ಏನೂ ಕಮ್ಮಿ ಆಗಿಲ್ಲ. ನಿಜ ಹೇಳಬೇಕಂದ್ರೆ ಕಲ್ಪನೆಗೆ ಅಡ್ಡ ಬರೋದು ‘ಅನಂತ’ದಂಥ ಹೆಸರುಗಳೇ. ಏನು ಅನ್ನಿಸಬೇಕು ಅಂತ ಅವು ಮೊದಲೇ ಹೇಳಿಬಿಡ್ತವೆ. ‘ಜಾಲಿ, ಕರ್ಜಗಿ’ ಅಂದ್ರೆ ಏನು ಅನ್ನಿಸಬೇಕು ಅನ್ನೋದು ನಿಮಗೇ ಬಿಟ್ಟಿದ್ದು.

ನಾವಂತೂ ಎಂಜಿನಿಯರಿಂಗ್ ಓದೋರು. ಮೆಟೀರಿಯಲ್ಸ್ ಲ್ಯಾಬ್‌ನಲ್ಲಿ ಎರಕದ ಕಬ್ಬಿಣದ ಮೈಕ್ರೋಗ್ರಾಫ್ ಕೂಡ ಅಬ್‌ಸ್ಟ್ರಾಕ್ಟ್ ಪೇಂಟಿಂಗ್ ಥರಾನೇ ಕಾಣತ್ತೆ. ಆದ್ರೆ ಯಾವ ಲೋಹ, ಎಷ್ಟು ಪಟ್ಟು ದೊಡ್ಡದು ಮಾಡಿದ್ದು ಅಂತ ಬರೀದೆ ರೆಕಾರ್ಡ್ ಬುಕ್‌ಗೆ ಸಹಿ ಬೀಳತ್ತಾ? ಕಬ್ಬಿಣಕ್ಕೆ ಕೊಡೋ ಮರ್ಯಾದೆಯನ್ನು ಮರಕ್ಕೂ ಕೊಡೋಣ.

ಅದಕ್ಕೇ ನಮ್ಮ ಕನ್ನಡ ಸಂಘದ ಮುಂದಿನ ಫೋಟೋ ಪ್ರದರ್ಶನಕ್ಕೆ ನನ್ನದೊಂದು ಸಲಹೆ. ಪ್ರತಿ ಫೋಟೋದ ಕೆಳಗೆ ಮೂರು ವಿಷಯ ಇರಲಿ: ಯಾವ ಗಿಡ, ಯಾವ ಊರು, ಯಾವ ತಿಂಗಳು. ಗಿಡ ಗೊತ್ತಿಲ್ಲದಿದ್ರೆ ‘ಗೊತ್ತಿಲ್ಲ’ ಅಂತಲೇ ಬರೀರಿ, ನೋಡೋಕೆ ಬಂದ ಯಾರದ್ದಾದ್ರೂ ಅಜ್ಜಿ ಹೇಳ್ತಾರೆ. ಮತ್ತೆ ಫ್ರೇಮ್ ಚೆಂದ ಬರಲಿ ಅಂತ ತೊಗಟೆ ಕೀಳೋದು, ದಿಮ್ಮಿ ಹೊರಳಿಸೋದು ಬೇಡ. ಅದರೊಳಗೆ ಇರೋರಿಗೆ ಅದೇ ಮನೆ, ಅದೇ ಊಟ.