ಬ್ಲ್ಯಾಕ್ ಫ್ರೈಡೇ ಮಾರಾಟ ಮತ್ತು ಅಂಗಡಿಗಳ ಕಾನೂನು ಹೊಣೆಗಾರಿಕೆ

ಬ್ಲ್ಯಾಕ್ ಫ್ರೈಡೇ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನಕ್ಕೆ, ಅಂದರೆ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರದ ನಂತರದ ಶುಕ್ರವಾರಕ್ಕೆ, ಬಂದಿರುವ ಹೆಸರು. ಕ್ರಿಸ್‌ಮಸ್ ಖರೀದಿಯ ಕಾಲ ಅಂದಿನಿಂದ ಆರಂಭವಾಗುತ್ತದೆ. ಅತಿ ಕಡಿಮೆ ಬೆಲೆಗೆ, ಸೀಮಿತ ಸಂಖ್ಯೆಯಲ್ಲಿ, ಮೊದಲು ಬಂದವರಿಗಷ್ಟೇ ದೊರೆಯುವ ವಸ್ತುಗಳನ್ನು ವ್ಯಾಪಾರಿಗಳು 'ಡೋರ್‌ಬಸ್ಟರ್' ಎಂದು ಕರೆಯುತ್ತಾರೆ. ಬಾಗಿಲು ಮುರಿಯುವಂಥದ್ದು ಎಂಬುದು ಈ ಪದದ ಅರ್ಥ. ಹೆಸರಿಟ್ಟವರು ಜನಜಂಗುಳಿಯನ್ನು ನಿರೀಕ್ಷಿಸಿರಲಿಲ್ಲವೆಂದು ವಾದಿಸುವುದು ಕಷ್ಟ. ಇಂತಹ ಮಾರಾಟದ ವೇಳೆ ಗ್ರಾಹಕರಿಗೆ ಗಾಯವಾದಾಗ ಅಂಗಡಿಯು ಎಷ್ಟರ ಮಟ್ಟಿಗೆ ಹೊಣೆಯಾಗುತ್ತದೆ ಎಂಬ ಪ್ರಶ್ನೆಯನ್ನು ಒಂದೇ ಕಾಯಿದೆ ನಿರ್ಧರಿಸುವುದಿಲ್ಲ. ಅದು ಪ್ರತಿ ರಾಜ್ಯದ ನ್ಯಾಯಾಲಯಗಳು ರೂಪಿಸಿದ ನಿರ್ಲಕ್ಷ್ಯದ ಕಾನೂನಿಗೆ ಸೇರಿದ್ದು.

ವ್ಯಾಲಿ ಸ್ಟ್ರೀಮ್ ದುರಂತ

2008ರ ನವೆಂಬರ್ 28ರ ಬೆಳಗಿನ ಜಾವ ನ್ಯೂಯಾರ್ಕ್ ರಾಜ್ಯದ ವ್ಯಾಲಿ ಸ್ಟ್ರೀಮ್‌ನ ವಾಲ್‌ಮಾರ್ಟ್ ಮಳಿಗೆಯ ಮುಂದೆ ಸುಮಾರು 2,000 ಜನ ಸೇರಿದ್ದರು. 5 ಗಂಟೆಗೆ ಬಾಗಿಲು ತೆರೆಯಬೇಕಿತ್ತು. ಅದಕ್ಕೆ ಮೊದಲೇ ಒತ್ತಡ ಹೆಚ್ಚಾಗಿ, ಒಳಗಿದ್ದ ಸಿಬ್ಬಂದಿ ಕೈಕೈ ಹಿಡಿದು ತಡೆಯಲು ಯತ್ನಿಸಿದರೂ ಜನ ನುಗ್ಗಿದರು. ಭಾರೀ ಮೈಕಟ್ಟಿನವರೆಂಬ ಕಾರಣಕ್ಕೆ ಬಾಗಿಲ ಬಳಿ ನಿಲ್ಲಿಸಲಾಗಿದ್ದ 34 ವರ್ಷದ ತಾತ್ಕಾಲಿಕ ಕೆಲಸಗಾರರೊಬ್ಬರು ಕೆಳಗೆ ಬಿದ್ದು ಉಸಿರುಗಟ್ಟಿ ಮೃತರಾದರು. ಜನಜಂಗುಳಿ ನಿಯಂತ್ರಣದಲ್ಲಿ ಅವರಿಗೆ ತರಬೇತಿ ಇರಲಿಲ್ಲ. ಗಾಯಗೊಂಡು ಆಸ್ಪತ್ರೆ ಸೇರಿದ ಗ್ರಾಹಕರಲ್ಲಿ ಎಂಟು ತಿಂಗಳ ಗರ್ಭಿಣಿಯೂ ಒಬ್ಬರು.

ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಆಡಳಿತ (ಓಶಾ) 2009ರಲ್ಲಿ ಸಂಸ್ಥೆಗೆ 7,000 ಡಾಲರ್ ದಂಡ ವಿಧಿಸಿತು. 1970ರ ಕಾಯಿದೆಯ 'ಸಾಮಾನ್ಯ ಕರ್ತವ್ಯ' ವಿಧಿಯಡಿ ಇಂತಹ ಉಲ್ಲಂಘನೆಗೆ ಆಗ ಇದ್ದ ಗರಿಷ್ಠ ದಂಡವೇ ಅದು. ಚಿಲ್ಲರೆ ವ್ಯಾಪಾರದಲ್ಲಿ ಜನರ ತುಳಿತ ಗುರುತಿಸಲ್ಪಟ್ಟ ಅಪಾಯವೇ ಅಲ್ಲ ಎಂದು ವಾಲ್‌ಮಾರ್ಟ್ ವಾದಿಸಿತು. ಅಪಾಯ ಗುರುತಿಸಬಹುದಾದದ್ದೇ ಆಗಿತ್ತೆಂದು 2011ರಲ್ಲಿ ಆಡಳಿತಾತ್ಮಕ ನ್ಯಾಯಾಧೀಶರು ದಂಡವನ್ನು ಎತ್ತಿಹಿಡಿದರು. ಸಂಸ್ಥೆ ಮೇಲ್ಮನವಿ ಸಲ್ಲಿಸಿ, 2015ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆರು ವರ್ಷಗಳ ಈ ಹೋರಾಟ ಹಣಕ್ಕಾಗಿ ನಡೆದದ್ದಲ್ಲ. ಜನಜಂಗುಳಿಯನ್ನು 'ತಿಳಿದಿರುವ ಅಪಾಯ' ಎಂದು ಒಪ್ಪಿಕೊಂಡರೆ ಮುಂದಿನ ಪ್ರತಿ ಮೊಕದ್ದಮೆಯಲ್ಲೂ ಅದೇ ಮಾತು ಎದುರಾಗುತ್ತಿತ್ತು ಎಂಬುದು ಹೆಚ್ಚು ಸಂಭಾವ್ಯವಾದ ವಿವರಣೆ.

ನ್ಯಾಸೌ ಕೌಂಟಿಯ ಅಭಿಯೋಜಕರು ಕ್ರಿಮಿನಲ್ ಮೊಕದ್ದಮೆ ಹೂಡದೆ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡರು. ಅಪರಾಧ ಸಾಬೀತಾಗಿದ್ದರೂ ದಂಡ 10,000 ಡಾಲರ್ ಮೀರುತ್ತಿರಲಿಲ್ಲ. ಒಪ್ಪಂದದಂತೆ ವಾಲ್‌ಮಾರ್ಟ್ ಸಂತ್ರಸ್ತರ ನಿಧಿಗೆ 4 ಲಕ್ಷ ಡಾಲರ್, ಕೌಂಟಿಯ ಸಾಮಾಜಿಕ ಕಾರ್ಯಕ್ರಮಗಳಿಗೆ 15 ಲಕ್ಷ ಡಾಲರ್ ನೀಡಿತು. ರಾಜ್ಯದ ತನ್ನ 92 ಮಳಿಗೆಗಳಲ್ಲಿ ಜನಜಂಗುಳಿ ನಿರ್ವಹಣೆಯ ಯೋಜನೆ ತರಲು ಒಪ್ಪಿತು.

ಕೆಲಸಗಾರ ಮತ್ತು ಗ್ರಾಹಕ

ಈ ವಿಷಯದಲ್ಲಿ ಅತ್ಯಂತ ಪ್ರಸಿದ್ಧವಾದ ಪ್ರಕರಣವು ಗ್ರಾಹಕರ ಹಕ್ಕನ್ನು ನಿರ್ಧರಿಸಲಿಲ್ಲ ಎಂಬುದನ್ನು ಗಮನಿಸಬೇಕು. ಓಶಾ ಕಾಯಿದೆ ರಕ್ಷಿಸುವುದು ಕೆಲಸಗಾರರನ್ನು ಮಾತ್ರ. ಅದೇ ನೂಕುನುಗ್ಗಲಿನಲ್ಲಿ ಕಾಲು ಮುರಿದುಕೊಂಡ ಗ್ರಾಹಕರ ಪರವಾಗಿ ಅದು ದಂಡ ವಿಧಿಸಲಾರದು. ಓಶಾ 2009ರ ಕೊನೆಯಲ್ಲಿ ವ್ಯಾಪಾರಿಗಳಿಗಾಗಿ ಮಾರ್ಗಸೂಚಿಯೊಂದನ್ನು ಪ್ರಕಟಿಸಿತು: ಸರತಿಯ ತಡೆಗಂಬಿಗಳನ್ನು ಬಾಗಿಲಿಗೆ ತಾಗದಂತೆ, ನಡುವೆ ತಿರುವುಗಳಿರುವಂತೆ ನಿಲ್ಲಿಸುವುದು, ಬೇಡಿಕೆಯ ವಸ್ತುಗಳಿಗೆ ಸಂಖ್ಯೆಯುಳ್ಳ ಚೀಟಿ ಅಥವಾ ಕೈಪಟ್ಟಿ ಕೊಡುವುದು, ಮಳಿಗೆ ತುಂಬಿದಾಗ ಹೊಸಬರನ್ನು ಒಳಬಿಡದಿರುವುದು, ತುರ್ತು ಬಾಗಿಲುಗಳನ್ನು ತೆರವಾಗಿಡುವುದು. ಇವುಗಳ ಪಾಲನೆ ಕಡ್ಡಾಯವಲ್ಲ. ಆದರೆ ಸರಳವಾದ, ಅಗ್ಗದ ಮುನ್ನೆಚ್ಚರಿಕೆಗಳು ಲಿಖಿತವಾಗಿ ಲಭ್ಯವಿದ್ದವು ಎಂದು ತೋರಿಸಲು ಗ್ರಾಹಕರ ವಕೀಲರಿಗೆ ಇದು ನೆರವಾಗುತ್ತದೆ.

ಗ್ರಾಹಕರಿಗೆ ಉಳಿಯುವ ದಾರಿ ಸಿವಿಲ್ ಮೊಕದ್ದಮೆ. ಸಾಂಪ್ರದಾಯಿಕ ನಿಯಮದಂತೆ ಖರೀದಿಗೆ ಬಂದವರು 'ಆಹ್ವಾನಿತರು'. ಆವರಣವನ್ನು ಅವರಿಗೆ ಸುರಕ್ಷಿತವಾಗಿಡುವ ಕರ್ತವ್ಯ ಅಂಗಡಿಯದು. ಕ್ಯಾಲಿಫೋರ್ನಿಯಾ 1968ರ ರೋಲ್ಯಾಂಡ್ ವಿರುದ್ಧ ಕ್ರಿಶ್ಚಿಯನ್ ತೀರ್ಪಿನಲ್ಲೂ ನ್ಯೂಯಾರ್ಕ್ 1976ರ ಬ್ಯಾಸೊ ವಿರುದ್ಧ ಮಿಲ್ಲರ್ ತೀರ್ಪಿನಲ್ಲೂ ಈ ವರ್ಗೀಕರಣವನ್ನು ಬದಿಗಿಟ್ಟು, ಸಂದರ್ಭಕ್ಕೆ ತಕ್ಕ ಎಚ್ಚರ ಎಂಬ ಒಂದೇ ಅಳತೆಯನ್ನು ಅಂಗೀಕರಿಸಿದವು. ಅಂಗಡಿಯ ಗ್ರಾಹಕರ ಮಟ್ಟಿಗೆ ಎರಡರ ಫಲಿತಾಂಶದಲ್ಲಿ ಹೆಚ್ಚು ಅಂತರವಿಲ್ಲ.

ರುಜುವಾತಿನ ತೊಡಕು

ಮಾರಾಟದ ದಿನದ ಗಾಯಗಳೆಲ್ಲ ತುಳಿತದಿಂದ ಆಗುವುದಿಲ್ಲ. ಜಾರಿ ಬೀಳುವುದು, ಎತ್ತರಕ್ಕೆ ಪೇರಿಸಿದ ಪೆಟ್ಟಿಗೆಗಳು ಉರುಳುವುದು, ತಳ್ಳುಗಾಡಿ ಬಡಿಯುವುದು ಇವೂ ಸೇರುತ್ತವೆ. ಇಲ್ಲಿ ನಿರ್ಣಾಯಕವಾದುದು, ಅಪಾಯ ಅಂಗಡಿಗೆ ತಿಳಿದಿತ್ತೇ ಅಥವಾ ತಿಳಿದಿರಬೇಕಾಗಿತ್ತೇ ಎಂಬ ಪ್ರಶ್ನೆ. ವಸ್ತುಸಂಗ್ರಹಾಲಯದ ಮೆಟ್ಟಿಲ ಮೇಲೆ ಮೇಣದ ಕಾಗದದಿಂದ ಜಾರಿಬಿದ್ದವರೊಬ್ಬರ ಪ್ರಕರಣದಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ 1986ರಲ್ಲಿ ನೀಡಿದ ತೀರ್ಪಿನಂತೆ, ದೋಷವು ಕಣ್ಣಿಗೆ ಕಾಣುವಂತಿದ್ದು, ಸಿಬ್ಬಂದಿ ಕಂಡು ಸರಿಪಡಿಸಲು ಸಾಕಾಗುವಷ್ಟು ಕಾಲ ಅಲ್ಲಿ ಇದ್ದಿರಬೇಕು. ಈ ನಿಯಮವನ್ನು ಮಾರಾಟದ ದಿನಕ್ಕೆ ಅನ್ವಯಿಸಿದರೆ ವಿಚಿತ್ರ ಫಲಿತಾಂಶ ಬರುತ್ತದೆ. ಜನ ಹೆಚ್ಚಿದಷ್ಟೂ ನೆಲಕ್ಕೆ ಚೆಲ್ಲಿದ್ದು ಯಾವಾಗ ಚೆಲ್ಲಿತೆಂದು ತೋರಿಸುವುದು ಕಠಿಣವಾಗುತ್ತದೆ. ಹೀಗೆ, ಅಂಗಡಿಯೇ ಕರೆದು ತಂದ ಜಂಗುಳಿ ಅಂಗಡಿಗೇ ರಕ್ಷಣೆಯಾಗಿ ಒದಗಬಹುದು.

ಇದಕ್ಕೆ ಒಂದು ಉತ್ತರ ನ್ಯೂಜೆರ್ಸಿಯಲ್ಲಿದೆ. ಗ್ರಾಹಕರೇ ಆರಿಸಿಕೊಳ್ಳುವಂತೆ ಬಿಡಿಯಾಗಿ ಇಟ್ಟಿದ್ದ ಹುರುಳಿಕಾಯಿಯ ಮೇಲೆ ಜಾರಿಬಿದ್ದ ಪ್ರಕರಣದಲ್ಲಿ (ವೂಲರ್‌ಮನ್ ವಿರುದ್ಧ ಗ್ರಾಂಡ್ ಯೂನಿಯನ್, 1966) ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ವ್ಯಾಪಾರದ ವಿಧಾನವೇ ಅಪಾಯಕ್ಕೆ ಕಾರಣವಾಗುವಲ್ಲಿ ಅದು ಅಂಗಡಿಗೆ ತಿಳಿದಿತ್ತೆಂದು ಗಾಯಾಳು ರುಜುವಾತುಪಡಿಸಬೇಕಿಲ್ಲ ಎಂದಿತು. ಡೋರ್‌ಬಸ್ಟರ್ ಮಾರಾಟವೂ ಆಯ್ದುಕೊಂಡ ವಿಧಾನವೇ. ತರ್ಕ ಇಲ್ಲಿಗೂ ಒಗ್ಗುವಂತಿದೆಯಾದರೂ ಎಲ್ಲ ರಾಜ್ಯಗಳು ಈ ಸಿದ್ಧಾಂತವನ್ನು ಒಪ್ಪಿಲ್ಲ.

ಇತರ ಗ್ರಾಹಕರ ಕೃತ್ಯಗಳು

ಗಾಯ ಮಾಡಿದವರು ಇನ್ನೊಬ್ಬ ಗ್ರಾಹಕರಾಗಿದ್ದರೆ ವಿಷಯ ಮತ್ತಷ್ಟು ಜಟಿಲ. 2011ರಲ್ಲಿ ಲಾಸ್ ಏಂಜಲಿಸ್ ನಗರದ ಪೋರ್ಟರ್ ರಾಂಚ್ ಪ್ರದೇಶದ ವಾಲ್‌ಮಾರ್ಟ್‌ನಲ್ಲಿ ಮಹಿಳೆಯೊಬ್ಬರು ವಿಡಿಯೋ ಗೇಮ್ ಯಂತ್ರಕ್ಕಾಗಿ ನಡೆದ ನೂಕಾಟದಲ್ಲಿ ಖಾರದ ದ್ರವ ಸಿಂಪಡಿಸಿ ಹಲವರಿಗೆ ತೊಂದರೆಯಾಯಿತು. ಮೂರನೆಯವರ ಕೃತ್ಯಕ್ಕೆ ಅಂಗಡಿ ಹೊಣೆಯಾಗಬೇಕಾದರೆ ಅದು ಮುಂಗಾಣಬಹುದಾದದ್ದಾಗಿರಬೇಕು. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು 1993ರ ಆ್ಯನ್ ಎಂ. ಪ್ರಕರಣದಲ್ಲಿ, ಹಿಂದೆ ಅಂತಹದೇ ಘಟನೆಗಳು ನಡೆದಿರದಿದ್ದರೆ ಕಾವಲುಗಾರರನ್ನು ನೇಮಿಸಬೇಕೆಂಬ ಹೊರೆ ಸಾಮಾನ್ಯವಾಗಿ ಬರುವುದಿಲ್ಲ ಎಂದಿತು. ನೂಕುನುಗ್ಗಲು ಪ್ರತಿ ವರ್ಷದ ಸುದ್ದಿಯಾದ್ದರಿಂದ ಅದನ್ನು ಮುಂಗಾಣಬಹುದಿತ್ತು ಎನ್ನುವುದು ಸುಲಭ. ಖಾರದ ದ್ರವದ ಬಗ್ಗೆ ಹಾಗೆನ್ನುವುದು ಅಷ್ಟು ಸುಲಭವಲ್ಲ.

ಗಾಯಾಳುವಿನ ಪಾಲು

ತಾನೂ ತಳ್ಳಿದ ಗ್ರಾಹಕರ ಪರಿಹಾರ ಅವರ ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಕಡಿತವಾಗುತ್ತದೆ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಲ್ಲಿ ತಪ್ಪು ಶೇಕಡಾ 70 ಇದ್ದರೂ ಉಳಿದ 30ರಷ್ಟು ದೊರೆಯಬಹುದು. ಅನೇಕ ರಾಜ್ಯಗಳಲ್ಲಿ ಅರ್ಧದ ಗಡಿ ದಾಟಿದರೆ ಏನೂ ಇಲ್ಲ. ಅಲಬಾಮಾ, ಮೇರಿಲ್ಯಾಂಡ್, ಉತ್ತರ ಕೆರೊಲಿನಾ, ವರ್ಜೀನಿಯಾಗಳಲ್ಲಿ ಹಳೆಯ ನಿಯಮವೇ ಉಳಿದಿದ್ದು, ಅಲ್ಪ ತಪ್ಪೂ ಪರಿಹಾರವನ್ನು ಪೂರ್ತಿಯಾಗಿ ತಪ್ಪಿಸಬಹುದು. ಒಂದೇ ಬಗೆಯ ಬಾಗಿಲು, ಒಂದೇ ಬಗೆಯ ಜಾಹೀರಾತು, ಆದರೂ ಗಡಿಯ ಆಚೀಚೆ ಫಲಿತಾಂಶ ಇಷ್ಟು ಬೇರೆ. ದಾವೆ ಹೂಡುವ ಅವಧಿಯೂ ಸಾಮಾನ್ಯವಾಗಿ ನ್ಯೂಯಾರ್ಕಿನಲ್ಲಿ ಮೂರು ವರ್ಷ, ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ.

ನಂತರದ ಬದಲಾವಣೆಗಳು

ಜನಜಂಗುಳಿಯನ್ನು ತಗ್ಗಿಸಿದ್ದು ನ್ಯಾಯಾಲಯಗಳಿಗಿಂತ ಹೆಚ್ಚಾಗಿ ವ್ಯಾಪಾರದ ಲೆಕ್ಕಾಚಾರ ಎನ್ನಬಹುದು. 2012ರಲ್ಲಿ ವಾಲ್‌ಮಾರ್ಟ್, ನಿಗದಿತ ಒಂದು ಗಂಟೆಯ ಅವಧಿಯಲ್ಲಿ ಸರತಿಯಲ್ಲಿದ್ದವರಿಗೆ ಕೆಲವು ವಸ್ತುಗಳನ್ನು ಖಚಿತವಾಗಿ ಒದಗಿಸುವ ಭರವಸೆ ನೀಡಿತು. ಓಡಬೇಕಾದ ಕಾರಣವನ್ನೇ ಅದು ಭಾಗಶಃ ತೆಗೆದುಹಾಕಿತು. ಆನ್‌ಲೈನ್ ಖರೀದಿ ಬೆಳೆದಂತೆ ರಿಯಾಯಿತಿಗಳು ಹಲವು ದಿನಗಳಿಗೆ ಹರಡಿಕೊಂಡವು. 2020ರ ಕೋವಿಡ್ ಕಾಲದಲ್ಲಿ ದೊಡ್ಡ ಮಳಿಗೆಗಳು ಥ್ಯಾಂಕ್ಸ್‌ಗಿವಿಂಗ್ ದಿನ ಬಾಗಿಲು ಮುಚ್ಚಿದವು. ಗ್ರಾಹಕರ ಸುರಕ್ಷತೆಗಾಗಿ ಕಡ್ಡಾಯವಾದ ಒಕ್ಕೂಟ ಮಟ್ಟದ ಜನಜಂಗುಳಿ ನಿಯಮವನ್ನು ಓಶಾ ರೂಪಿಸಿಲ್ಲ. ಮಾರ್ಗಸೂಚಿಯು ಸಲಹೆಯ ರೂಪದಲ್ಲೇ ಉಳಿದಿದೆ.